ಹಳೆಯ ಕಂಪ್ಯೂಟರಿಗೆ ವಿಂಡೋಸ್ 11: ಹಾಕಿಸಬೇಕೇ, ಬಿಡಬೇಕೇ?

ಪ್ರಶ್ನೆ: ಶಿರಸಿ ತಾಲ್ಲೂಕಿನಲ್ಲಿ ಸಣ್ಣದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. 2017ರ ಯುಗಾದಿಯ ಹೊತ್ತಿಗೆ ಕೊಂಡ ಡೆಸ್ಕ್‌ಟಾಪಿನಲ್ಲೇ ಇಂದಿಗೂ ಕೆಲಸ ನಡೆದಿದೆ. ಇಂಟೆಲ್ ಐ5-7400 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಇವೆ. ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ಅರ್ಜಿಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಗುತ್ತಿಗೆದಾರರು ತಮ್ಮ ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ತಂದು ನನ್ನಲ್ಲೇ ಟೆಂಡರ್ ದಾಖಲೆ ಹಾಕಿಸುತ್ತಾರೆ. ಕಂಪ್ಯೂಟರ್ ಶುರುವಾಗಿ ಕೆಲಸಕ್ಕೆ ಸಿಗಲು ಆರೇಳು ನಿಮಿಷ ಬೇಕು. ಇತ್ತೀಚೆಗೆ ಬೆಳಿಗ್ಗೆ ಬ್ಯಾಂಕಿನ ತಾಣ ತೆರೆದರೆ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂದು ಬಂದು, ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋಗುತ್ತದೆ. ವಿಂಡೋಸ್ 11 ಹಾಕಲು ಹೋದರೆ ಈ ಕಂಪ್ಯೂಟರ್ ಅರ್ಹವಲ್ಲ ಎನ್ನುತ್ತದೆ. ಪೇಟೆಯ ಅಂಗಡಿಯವರು ಹೊಸದೇ ಕೊಳ್ಳಿ ಎಂದರು. ರಿಪೇರಿ ಮಾಡುವ ಹುಡುಗನೊಬ್ಬ, ತಪಾಸಣೆಯನ್ನು ದಾಟಿಸಿ ಐನೂರು ರೂಪಾಯಿಗೆ ವಿಂಡೋಸ್ 11 ಹಾಕಿಕೊಡುತ್ತೇನೆ ಎನ್ನುತ್ತಾನೆ. ಬೆಂಗಳೂರಿನಲ್ಲಿರುವ ಮಗ ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿ ಎನ್ನುತ್ತಾನೆ. ಪ್ರತಿ ವರ್ಷ ಹಣ ಕೊಟ್ಟು ಆಂಟಿವೈರಸ್ ಹಾಕಿಸುತ್ತಿರುವ ನನಗೆ ಇಷ್ಟು ಹೆದರಿಕೆಯ ಅಗತ್ಯವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕಂಪ್ಯೂಟರ್ ನಿಧಾನವಾಗಿದೆ, ಬೆಳಿಗ್ಗೆ ಬ್ಯಾಂಕಿನ ತಾಣ ಎಚ್ಚರಿಕೆ ಕೊಡುತ್ತಿದೆ, ವಿಂಡೋಸ್ 11 ಒಳಗೆ ಬರಲು ಒಪ್ಪುತ್ತಿಲ್ಲ. ಈ ಮೂರೂ ‘ಕಂಪ್ಯೂಟರಿಗೆ ವಯಸ್ಸಾಯಿತು’ ಎಂಬ ಒಂದೇ ಕಾಯಿಲೆಯ ಲಕ್ಷಣಗಳೆಂದು ನಿಮಗೆ ತೋರಿದೆ, ಪೇಟೆಯ ಅಂಗಡಿಯವರೂ ಹಾಗೆಯೇ ಹೇಳಿದ್ದಾರೆ. ಎರಡು ದಶಕಗಳಿಂದ ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿರುವ ನನಗೆ ಹಾಗೆ ಕಾಣುವುದಿಲ್ಲ. ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಇವುಗಳಲ್ಲಿ ಎರಡನ್ನು ಹೊಸ ಕಂಪ್ಯೂಟರ್ ಕೊಳ್ಳದೆಯೇ ಸರಿಪಡಿಸಬಹುದು.

ಎಲ್ಲಕ್ಕಿಂತ ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಬೆಳಗಿನ ಆ ಎಚ್ಚರಿಕೆ ಬಂದಾಗ ಪರದೆಯ ಬಲ ಮೂಲೆಯ ದಿನಾಂಕವನ್ನೊಮ್ಮೆ ನೋಡಿ. ಅದು ಹಲವು ವರ್ಷ ಹಿಂದಿನ ಯಾವುದೋ ತಾರೀಖನ್ನು ತೋರಿಸುತ್ತಿದ್ದರೆ ತೊಂದರೆ ವೈರಸ್ಸಿನದಲ್ಲ, ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ಲಿನದು. ರಾತ್ರಿ ಅಂಗಡಿ ಮುಚ್ಚುವಾಗ ನೀವು ಮೇನ್ ಸ್ವಿಚ್ ಆರಿಸುತ್ತೀರಿ ಎಂದುಕೊಳ್ಳುತ್ತೇನೆ. ಆಗ ಗಡಿಯಾರವನ್ನು ನಡೆಸುವ ಹೊಣೆ ಈ ಸೆಲ್ಲಿನದು. ಅದು ಬತ್ತಿಹೋಗಿದ್ದರೆ ಬೆಳಿಗ್ಗೆ ಕಂಪ್ಯೂಟರ್ ಹಳೆಯ ದಿನಾಂಕದೊಂದಿಗೆ ಏಳುತ್ತದೆ. ಬ್ಯಾಂಕಿನ ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ಕಂಪ್ಯೂಟರಿನ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅದನ್ನು ನಂಬುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಇಂಟರ್ನೆಟ್ಟಿನಿಂದ ಸರಿಯಾದ ಸಮಯವನ್ನು ಪಡೆದುಕೊಂಡಾಗ ಎಚ್ಚರಿಕೆ ತಾನಾಗಿಯೇ ಮಾಯವಾಗುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಒಂದು ಸೆಲ್ಲಿನಿಂದ ಇದು ಮುಗಿಯುತ್ತದೆ. ಈ ಸೆಲ್ಲಿನ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ, ಆದ್ದರಿಂದ ನೆನಪಿನಲ್ಲಿಡಿ.

ಇನ್ನು ನಿಧಾನದ ವಿಷಯ. ಕಂಪ್ಯೂಟರ್ ಶುರುವಾದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಡಿಸ್ಕ್ ಎಂಬ ಕಂಬದಲ್ಲಿ ಶೇ. 100 ಎಂದಿದ್ದು, ಪ್ರೊಸೆಸರ್ ಶೇ. 15–20ರಲ್ಲಿ ಆರಾಮವಾಗಿರುವುದನ್ನು ನೀವು ಬಹುಪಾಲು ಕಾಣುತ್ತೀರಿ. ಅದೇ ಡಿಸ್ಕಿನ ಮುಂದೆ ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತಿದೆ ಎಂದು ನೋಡಿದರೆ ಒಂದೆರಡು ಎಂಬಿ ಮಾತ್ರ ಇರುತ್ತದೆ. ಶೇ. 100ರಷ್ಟು ದುಡಿಯುತ್ತಿದ್ದರೂ ಕೆಲಸ ಸಾಗುತ್ತಿಲ್ಲ ಎಂದು ಇದರ ಅರ್ಥ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಪ್ರತಿಯೊಂದು ಚೂರನ್ನು ಹುಡುಕಿಕೊಂಡು ಅತ್ತಿಂದಿತ್ತ ಓಡಬೇಕು. ಹಾಗೆ ಅದು ಸೆಕೆಂಡಿಗೆ ನೂರರ ಆಸುಪಾಸು ಬಾರಿ ಮಾತ್ರ ಓಡಬಲ್ಲದು. ವಿಂಡೋಸ್ 10 ಏಳುವಾಗ, ಜೊತೆಗೆ ಆಂಟಿವೈರಸ್ ಏಳುವಾಗ, ಸಾವಿರಾರು ಸಣ್ಣ ಕಡತಗಳು ಒಮ್ಮೆಲೇ ಬೇಕಾಗುತ್ತವೆ, ಎಲ್ಲವೂ ಆ ಒಂದು ಮುಳ್ಳಿಗಾಗಿ ಸಾಲುಗಟ್ಟಿ ಕಾಯುತ್ತವೆ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ ಇಂಥ ಬೇಡಿಕೆಗಳನ್ನು ಸೆಕೆಂಡಿಗೆ ಸಾವಿರಾರು ಸಂಖ್ಯೆಯಲ್ಲಿ ಪೂರೈಸಬಲ್ಲದು. ಇಂಥ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಿದ ಮೇಲೆ ಆರೇಳು ನಿಮಿಷದ ಕಾಯುವಿಕೆ ಅರ್ಧ ನಿಮಿಷಕ್ಕಿಳಿದದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ರ‍್ಯಾಮ್ ಹೆಚ್ಚಿಸಿ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ, ನಿಮ್ಮ ಕೆಲಸಕ್ಕೆ 8 ಜಿಬಿ ಸಾಕು.

ಹಾರ್ಡ್ ಡಿಸ್ಕ್ ಬದಲಿಸಿದರೆ ವಿಂಡೋಸಿನ ಲೈಸೆನ್ಸ್ ಹೋಗುತ್ತದೆ ಎಂಬ ಮಾತು ಅನೇಕ ಕಡೆ ಕೇಳಿಬರುತ್ತದೆ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿನೊಂದಿಗೆ ಗುರುತಿಸಿಕೊಂಡಿರುತ್ತದೆ. ಡಿಸ್ಕ್ ಬದಲಾದರೂ ಅದೇ ಆವೃತ್ತಿಯನ್ನು ಹಾಕಿ ಇಂಟರ್ನೆಟ್ಟಿಗೆ ಜೋಡಿಸಿದರೆ ಅದು ಮರಳಿ ಸಕ್ರಿಯವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲವನ್ನು ನಿಲ್ಲಿಸಿತು. ಆ ದಿನದ ನಂತರ ಕಂಪ್ಯೂಟರ್ ನಿಂತುಹೋಗುತ್ತದೆ, ಕಡತಗಳು ತೆರೆಯುವುದಿಲ್ಲ ಎಂಬ ಮಾತು ಸುಳ್ಳು. ನಿಮ್ಮ ಅಂಗಡಿಯ ಕೆಲಸ ನಿಲ್ಲದೆ ನಡೆದಿರುವುದೇ ಅದಕ್ಕೆ ಸಾಕ್ಷಿ. ಆದರೆ ಏನೂ ಬದಲಾಗಿಲ್ಲ ಎಂಬ ಮಾತೂ ಅಷ್ಟೇ ಸುಳ್ಳು. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ವ್ಯವಸ್ಥೆಯಲ್ಲಿ ಕಂಡುಬಂದ ದೋಷಗಳಿಗೆ ತೇಪೆ ಹಾಕುತ್ತದೆ. ತೇಪೆ ಹೊರಬಿದ್ದ ದಿನವೇ ದುಷ್ಕರ್ಮಿಗಳಿಗೂ ತೂತು ಎಲ್ಲಿತ್ತು ಎಂದು ತಿಳಿಯುತ್ತದೆ, ಏಕೆಂದರೆ ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಬದಲಾದ ಜಾಗ ಸಿಗುತ್ತದೆ. ವಿಂಡೋಸ್ 10 ಮತ್ತು 11ರ ಒಳಗಿನ ಬಹಳಷ್ಟು ಭಾಗ ಒಂದೇ ಆಗಿರುವುದರಿಂದ, 11ಕ್ಕೆ ಬರುವ ತೇಪೆಯು 10ರ ತೂತನ್ನೂ ತೋರಿಸಿಕೊಡುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಾಕ್ರೈ ದಾಳಿ ಬಳಸಿಕೊಂಡ ತೂತಿಗೆ ಅದೇ ವರ್ಷದ ಮಾರ್ಚಿನಲ್ಲೇ ತೇಪೆ ಬಂದಿತ್ತು. ಹೊಡೆತ ತಿಂದವುಗಳಲ್ಲಿ ಬಹುಪಾಲು ಆ ಎರಡು ತಿಂಗಳಲ್ಲಿ ತೇಪೆ ಹಾಕಿಸಿಕೊಳ್ಳದ ಯಂತ್ರಗಳು.

ಆಂಟಿವೈರಸ್ ಈ ಕೊರತೆಯನ್ನು ತುಂಬಿಕೊಡುವುದಿಲ್ಲ. ಅದು ಬಾಗಿಲಲ್ಲಿ ನಿಂತು ಬರುವವರನ್ನು ನೋಡುವ ಕಾವಲುಗಾರ. ಹಿತ್ತಿಲ ಗೋಡೆ ಕುಸಿದಿದ್ದರೆ ಅವನು ಎಷ್ಟು ಎಚ್ಚರದಿಂದಿದ್ದರೂ ಪ್ರಯೋಜನ ಕಡಿಮೆ. ವಿಂಡೋಸಿನೊಳಗೇ ಬರುವ ಡಿಫೆಂಡರಿಗೆ ವೈರಸ್ ಪಟ್ಟಿಯ ಅಪ್‌ಡೇಟ್ ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್ ತನಕ ಸಿಗುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದೂ ಕಾವಲುಗಾರನ ವಿಷಯವೇ, ಗೋಡೆಯದಲ್ಲ. ನಿಮ್ಮ ಅಂಗಡಿಯ ಮಟ್ಟಿಗೆ ಇದು ನಿಮ್ಮೊಬ್ಬರ ಪ್ರಶ್ನೆಯೂ ಅಲ್ಲ. ಜನರ ಆಧಾರ್ ಪ್ರತಿಗಳು, ಪಾಸ್‌ಬುಕ್ಕಿನ ಸ್ಕ್ಯಾನುಗಳು ನಿಮ್ಮ ಡಿಸ್ಕಿನಲ್ಲಿವೆ. ಗುತ್ತಿಗೆದಾರರು ತಮ್ಮ ಸಹಿಯನ್ನೇ ತಂದು ನಿಮ್ಮ ಯಂತ್ರಕ್ಕೆ ಚುಚ್ಚಿ ಅದರ ಪಾಸ್‌ವರ್ಡನ್ನು ನಿಮ್ಮ ಕೀಲಿಮಣೆಯಲ್ಲಿ ಒತ್ತುತ್ತಾರೆ. ಮನೆಯಲ್ಲಿ ಹಾಡು ಕೇಳಲು ಇಟ್ಟುಕೊಂಡ ಕಂಪ್ಯೂಟರಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ಹಾಗಾದರೆ ಚೆನ್ನಾಗಿ ನಡೆಯುತ್ತಿರುವ ಐ5 ಯಂತ್ರವನ್ನು ವಿಂಡೋಸ್ 11 ಏಕೆ ತಿರಸ್ಕರಿಸುತ್ತದೆ? ಅದು ಕೇಳುವುದರಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ನಿಮ್ಮಲ್ಲಿವೆ. ಟಿಪಿಎಂ 2.0 ಎಂಬ, ಬೀಗದ ಕೀಲಿಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆಯನ್ನೂ ಅದು ಕೇಳುತ್ತದೆ. ನಿಮ್ಮ ಪೀಳಿಗೆಯ ಬಹಳಷ್ಟು ಇಂಟೆಲ್ ಬೋರ್ಡುಗಳಲ್ಲಿ ಅದು ಪಿಟಿಟಿ ಎಂಬ ಹೆಸರಿನಲ್ಲಿ ಬಯಾಸಿನೊಳಗೆ (ವಿಂಡೋಸಿಗೂ ಮೊದಲು ಏಳುವ, ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ) ಇರುತ್ತದೆ, ಚಾಲೂ ಮಾಡಿರುವುದಿಲ್ಲ, ಅಷ್ಟೆ. ನಿಜವಾದ ಅಡ್ಡಿ ಪ್ರೊಸೆಸರಿನದು. ಇಂಟೆಲ್‌ನಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಎಂಟನೇ ಪೀಳಿಗೆಯಿಂದ ಮೇಲಿನವನ್ನು ಮಾತ್ರ ಮೈಕ್ರೋಸಾಫ್ಟ್ ತನ್ನ ಪಟ್ಟಿಗೆ ಸೇರಿಸಿತು. ನಿಮ್ಮ ಐ5-7400 ಮಾರುಕಟ್ಟೆಗೆ ಬಂದದ್ದು 2017ರ ಜನವರಿಯಲ್ಲಿ, ಪಟ್ಟಿಯಲ್ಲಿರುವ ಐ5-8400 ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಕೆಲವೇ ತಿಂಗಳ ಅಂತರಕ್ಕೆ ನಿಮ್ಮ ಯಂತ್ರ ಗೆರೆಯ ಆಚೆ ಉಳಿಯಿತು. ಪಟ್ಟಿಗೆ ಹೊರಗಿನ ಯಂತ್ರಗಳಲ್ಲಿ ವ್ಯವಸ್ಥೆ ಕುಸಿದುಬೀಳುವ ಪ್ರಮಾಣ ಶೇ. 52ರಷ್ಟು ಹೆಚ್ಚು ಕಂಡುಬಂದಿತೆಂದು ಮೈಕ್ರೋಸಾಫ್ಟ್ 2021ರಲ್ಲಿ ಕಾರಣ ಕೊಟ್ಟಿತ್ತು. ಅದು ಎಲ್ಲ ಬಗೆಯ ಹಳೆಯ ಯಂತ್ರಗಳನ್ನು ಒಟ್ಟು ಸೇರಿಸಿದ ಲೆಕ್ಕ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪನ್ನೂ ನಿಮ್ಮ ಏಳನೇ ಪೀಳಿಗೆಯ ಡೆಸ್ಕ್‌ಟಾಪನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಸಿಟ್ಟಿಗೆ ಕಾರಣವಿದೆ.

ಸಿಟ್ಟು ನ್ಯಾಯವಾದದ್ದೆಂದ ಮಾತ್ರಕ್ಕೆ ಐನೂರು ರೂಪಾಯಿಯ ದಾರಿ ಸರಿಯಾಗುವುದಿಲ್ಲ. ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕಬಹುದು ಎಂಬುದು ನಿಜ, ನಿಮ್ಮ ಪ್ರೊಸೆಸರಿನಲ್ಲಿ ಅದು ನಡೆಯುತ್ತದೆ ಎಂಬುದೂ ನಿಜ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಿಂಗಳ ತೇಪೆಗಳು ಸದ್ಯ ಬರುತ್ತಿವೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಪ್ರತಿ ಬಾರಿ ಕೈಯಾರೆ ಹಾಕಬೇಕು, ಹಾಕದಿದ್ದರೆ ಸ್ವಲ್ಪ ಕಾಲದಲ್ಲಿ ತಿಂಗಳ ತೇಪೆಯೂ ನಿಲ್ಲುತ್ತದೆ. 2024ರ ಆವೃತ್ತಿ ಬಂದಾಗ, ಅಲ್ಲಿಯವರೆಗೆ ಹೀಗೆಯೇ ನಡೆಯುತ್ತಿದ್ದ ಕೆಲವು ತೀರ ಹಳೆಯ ಪ್ರೊಸೆಸರುಗಳು ಅದನ್ನು ಶುರುಮಾಡಲೂ ಆಗದೆ ನಿಂತವು. ನಿಮ್ಮದಕ್ಕೆ ಆಗ ಏನೂ ಆಗಲಿಲ್ಲ, ಮುಂದಿನ ಗೆರೆ ಎಲ್ಲಿ ಬೀಳುತ್ತದೆ ಎಂಬ ಭರವಸೆಯನ್ನು ಮಾತ್ರ ಯಾರೂ ಕೊಡಲಾರರು.

ಅದಕ್ಕಿಂತ ನನಗೆ ಹೆಚ್ಚು ಭಯ, ಆ ಹುಡುಗನ ಪೆನ್‌ಡ್ರೈವಿನಲ್ಲಿ ಏನಿದೆ ಎಂಬುದರ ಬಗ್ಗೆ. ಮೈಕ್ರೋಸಾಫ್ಟಿನ ತಾಣದಿಂದಲೇ ಇಳಿಸಿಕೊಂಡ ಮೂಲ ಪ್ರತಿಯಾದರೆ ಒಂದು ಮಾತು. ಯಾರೋ ಬೇಡದ್ದನ್ನು ಕತ್ತರಿಸಿ ಹಗುರಗೊಳಿಸಿದ, ಲೈಸೆನ್ಸ್ ಮೊದಲೇ ತುಂಬಿಟ್ಟ ಪ್ರತಿಯಾದರೆ, ಕತ್ತರಿಸಿದವರು ಒಳಗೆ ಏನನ್ನು ಸೇರಿಸಿದ್ದಾರೆಂದು ಅವನಿಗೂ ಗೊತ್ತಿರುವುದಿಲ್ಲ. ಇನ್ನೊಂದು ಅಪಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಚೇರಿಯಲ್ಲಿ ವಿಂಡೋಸ್ 11 ಹಾಕಿದ ತಂತ್ರಜ್ಞ ಆತುರದಲ್ಲಿ ತನ್ನದೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಮಾಡಿ ಸಿದ್ಧಪಡಿಸಿ ಕೊಟ್ಟಿದ್ದ. ಹೀಗೆ ಲಾಗಿನ್ ಆದಾಗ ವಿಂಡೋಸ್ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ತಾನೇ ಗೂಢಲಿಪಿಯ ಬೀಗ ಹಾಕಿ, ಅದರ 48 ಅಂಕಿಗಳ ಕೀಲಿಯನ್ನು ಆ ಖಾತೆಯಲ್ಲಿ ಇಡುತ್ತದೆ. ಹಲವು ತಿಂಗಳ ನಂತರ ಮದರ್‌ಬೋರ್ಡಿನ ಸೆಲ್ಲು ಬತ್ತಿತು. ಬಯಾಸಿನ ಹೊಂದಾಣಿಕೆಗಳು ಮೊದಲಿನ ಸ್ಥಿತಿಗೆ ಮರಳಿದವು, ಟಿಪಿಎಂ ಆರಿಹೋಯಿತು, ಮರುದಿನ ಬೆಳಿಗ್ಗೆ ನೀಲಿ ಪರದೆ ಆ 48 ಅಂಕಿಗಳನ್ನು ಕೇಳಿತು. ತಂತ್ರಜ್ಞ ಊರು ಬಿಟ್ಟಿದ್ದ, ಫೋನ್ ಬದಲಿಸಿದ್ದ. ಬಯಾಸನ್ನು ಸರಿಪಡಿಸಿ ನಾನು ಮಾಡಿದ ಪ್ರಯತ್ನವೂ ಫಲಿಸಲಿಲ್ಲ. ನಾಲ್ಕು ವರ್ಷದ ಲೆಕ್ಕಪತ್ರ ಕಣ್ಣೆದುರೇ ಇತ್ತು, ತೆರೆಯಲಾಗಲಿಲ್ಲ. ಯಾರು ಏನೇ ಹಾಕಿಕೊಟ್ಟರೂ ಲಾಗಿನ್ ನಿಮ್ಮದೇ ಖಾತೆಯಿಂದ, ನಿಮ್ಮದೇ ಫೋನ್ ನಂಬರಿನಿಂದ ಇರಲಿ. ಕೀಲಿ ಇದ್ದರೆ ಕಾಗದದ ಮೇಲೆ ಬರೆದು ಅಂಗಡಿಯ ಲೈಸೆನ್ಸಿನ ಜೊತೆ ಇಡಿ.

ನಿಮಗೆ ನಾನು ಸೂಚಿಸುವುದು ಬೇರೆ ದಾರಿ. ಗೃಹಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ಅಪ್‌ಡೇಟ್ ಎಂಬ ವ್ಯವಸ್ಥೆಯನ್ನು ತಂದಾಗ 2026ರ ಅಕ್ಟೋಬರ್ 13ರವರೆಗೆ ಅವಧಿ ಕೊಟ್ಟಿತು. ಇದಕ್ಕೆ ನಿಮ್ಮ ಯಂತ್ರದಲ್ಲಿ ವಿಂಡೋಸ್ 10ರ 22ಎಚ್2 ಎಂಬ ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಹೆಸರು ನೋಂದಾಯಿಸುವ ಕೊಂಡಿ ಕಾಣುತ್ತದೆ. ನಿಮ್ಮ ಹೊಂದಾಣಿಕೆಗಳನ್ನು ಖಾತೆಯಲ್ಲಿ ಬ್ಯಾಕಪ್ ಇಡಲು ಒಪ್ಪಿದರೆ ಇದು ಉಚಿತ, ಒಪ್ಪದಿದ್ದರೆ 30 ಡಾಲರಿನ ಸಮನಾದ ಹಣ ಕೊಡಬೇಕು. ತಡವಾಗಿ ಸೇರಿದರೂ ನಡುವೆ ತಪ್ಪಿಹೋದ ತೇಪೆಗಳು ಒಟ್ಟಿಗೆ ಬರುತ್ತವೆ. ಇದರಿಂದ ಹೊಸ ಸೌಲಭ್ಯವೇನೂ ಸಿಗುವುದಿಲ್ಲ, ಗೋಡೆಯ ತೂತುಗಳಷ್ಟೇ ಮುಚ್ಚುತ್ತವೆ. ಈ ವ್ಯವಸ್ಥೆಗೆ ಸೇರಿ, ಎಸ್‌ಎಸ್‌ಡಿ ಹಾಕಿಸಿದರೆ, ಸೀಸನ್ನಿನ ನಡುವೆ ತರಾತುರಿಯಲ್ಲಿ ಏನನ್ನೂ ಕೊಳ್ಳದೆ ಯೋಚಿಸಲು ನಿಮಗೆ ಸಮಯ ಸಿಗುತ್ತದೆ. ಇದು ಮುಂದೂಡಿಕೆಯೇ ಹೊರತು ಶಾಶ್ವತ ಪರಿಹಾರವಲ್ಲ ಎಂಬುದನ್ನು ಮರೆಯಬಾರದು.

ಕೊಳ್ಳುವ ಕಾಲ ಬಂದಾಗ ಹೊಸದೇ ಆಗಬೇಕೆಂದಿಲ್ಲ, ಕಂಪನಿಗಳು ಬಿಟ್ಟುಕೊಟ್ಟು ದುರಸ್ತಿಯಾಗಿ ಬರುವ ಯಂತ್ರವೂ ನಿಮಗೆ ಸಾಕು. ಆದರೆ ‘ಐ7 ಇದೆ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ. ಐ5, ಐ7 ಎಂಬುದು ದರ್ಜೆ ಮಾತ್ರ, ಪೀಳಿಗೆಯಿರುವುದು ಅದರ ಮುಂದಿನ ಸಂಖ್ಯೆಯಲ್ಲಿ. ಐ7-4770 ಎಂದರೆ ನಾಲ್ಕನೇ ಪೀಳಿಗೆ, ಅದು ನಿಮ್ಮದಕ್ಕಿಂತ ಹಳೆಯದು. ಐ3-8100 ದರ್ಜೆಯಲ್ಲಿ ಕೆಳಗಿದ್ದರೂ ಎಂಟನೇ ಪೀಳಿಗೆಯಾದ್ದರಿಂದ ವಿಂಡೋಸ್ 11ಕ್ಕೆ ಅರ್ಹ. ಟೆಂಡರ್, ಬ್ಯಾಂಕು, ಟೋಕನ್ನಿನ ಕೆಲಸಗಳನ್ನೆಲ್ಲ ಆ ಯಂತ್ರಕ್ಕೆ ವರ್ಗಾಯಿಸಿ.

ಮಗ ಹೇಳಿದ ಲಿನಕ್ಸ್ ಆಗ ಈ ಹಳೆಯ ಯಂತ್ರಕ್ಕೆ ಒಪ್ಪುತ್ತದೆ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ನುಡಿ ತಂತ್ರಾಂಶವು ಅದರಲ್ಲಿ ನೇರವಾಗಿ ನಡೆಯದಿದ್ದರೂ ನಿಮ್ಮ ಬೆರಳಿಗೆ ಅಭ್ಯಾಸವಾದ ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಅಲ್ಲಿ ಯೂನಿಕೋಡಿನೊಂದಿಗೆ (ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಸಿಗುತ್ತದೆ. ಆದರೆ ಇಂದೇ, ಇರುವ ಒಂದೇ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಗುತ್ತಿಗೆದಾರನ ಟೋಕನ್ ಗುರುತಿಸದೆ ಟೆಂಡರಿನ ಕೊನೆಯ ದಿನ ನೀವು ತೊಂದರೆಗೆ ಸಿಕ್ಕಬಹುದು. ಪ್ರಿಂಟರನ್ನೂ ಮೊದಲೇ ಪರೀಕ್ಷಿಸಿ ನೋಡಬೇಕು. ಮಗನ ಸಲಹೆ ಸರಿಯಾದದ್ದು, ಅದಕ್ಕೆ ಸಮಯ ಈಗಲ್ಲ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಕಡತಗಳ ಪ್ರತಿ. ಸುಮಾರು ಒಂಬತ್ತು ವರ್ಷ ತಿರುಗಿದ ಹಾರ್ಡ್ ಡಿಸ್ಕ್ ಯಾವ ಬೆಳಿಗ್ಗೆ ಕೈಕೊಡುತ್ತದೆ ಎಂದು ಹೇಳಲಾಗದು. ವಿಂಡೋಸಿನ ಪ್ರಶ್ನೆಗಿಂತ ಇದು ಹೆಚ್ಚು ತುರ್ತಿನದು. ಹೊರಗಿನ ಡಿಸ್ಕೊಂದನ್ನು ಕೊಂಡು ಎಲ್ಲವನ್ನೂ ನಕಲು ಮಾಡುವಾಗ ಕಡತಗಳ ಜೊತೆಗೆ ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿರುವ ನುಡಿ ಅಕ್ಷರಗಳನ್ನೂ ತೆಗೆದುಕೊಳ್ಳಿ. ಯೂನಿಕೋಡ್ ಬರುವ ಮೊದಲಿನ ನುಡಿಯಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ‘ಕ’ ಇರುವಲ್ಲಿ ಇಂಗ್ಲಿಷಿನ ಪಿ, ‘ನ’ ಇರುವಲ್ಲಿ ಪೌಂಡ್ ಹಣದ ಚಿಹ್ನೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಸೊಸೈಟಿಯ ಇಡೀ ವರದಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ, ವೈರಸ್ ತಿಂದಿದೆ ಎಂದು ಯಾರಾದರೂ ಅದನ್ನು ಅಳಿಸಿಬಿಟ್ಟಾರು. ಮುಂದೆ ಬಳಸಬೇಕಾದವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳಿ. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಬೇರೊಬ್ಬರ ಕಂಪ್ಯೂಟರಿಗೆ ಜೋಡಿಸಿ, ನಿಮ್ಮಲ್ಲಿರುವ ಅತಿ ಹಳೆಯ ಕರೆಯೋಲೆಯೊಂದನ್ನು ತೆರೆದು ಓದಿ ನೋಡಿ. ಅದು ಸರಿಯಾಗಿ ಕಂಡ ಮೇಲೆ ಮಾತ್ರ ಮೆಕ್ಯಾನಿಕ್ಕಿಗೆ ಕ್ಯಾಬಿನೆಟ್ ಬಿಚ್ಚಲು ಹೇಳಿ.